ಖಟಖಟಮ್ಮನ ಕೀಬೋರ್ಡು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಖಟಖಟಮ್ಮ ಅಂದರೆ ಸಾಕು. ಕೀಲಿಗಳ ಮೇಲೆ ಬಟ್ಟೆ ಹೊದಿಸಿ ಟೈಪಿಂಗ್ ಕಲಿಸಿದ ಮೇಷ್ಟ್ರ ಕೃಪೆ, ಬೆರಳನ್ನೂ ನೋಡದೆ, ಪರದೆಯನ್ನೂ ನೋಡದೆ, ಗೋಡೆ ನೋಡಿಕೊಂಡೇ ಬಾರಿಸುವಳು. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತನ್ನು ವರದಿಯಾಗಿ ಇಳಿಸುವುದು ಅವಳ ಇಪ್ಪತ್ತೆಂಟು ವರ್ಷದ ಕೆಲಸ. ಉಳಿದವರು ಒಂದು ಸಾಲು ಕೇಳಿ ಒಂದು ಸಾಲು ಬಡಿಯುವರು. ಇವಳು ಮಾತ್ರ ಕಣ್ಣು ಮುಚ್ಚಿ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿದ ಮೇಲೇ ಬೆರಳು ಎತ್ತುವುದು. ಅಭ್ಯಾಸ ಅನ್ನಿ, ಹಟ ಅನ್ನಿ, ಬಿಡುವವಳಲ್ಲ.

ಹೊಸ ಮಾನಿಟರುಗಳು ಬಂದವು, ಗ್ರಹಚಾರವೂ ಜೊತೆಗೇ ಬಂತು. ಕಳ್ಳರ ಭಯಕ್ಕೆ ಕಂಪ್ಯೂಟರ್ ಡಬ್ಬಗಳನ್ನು ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಜಡಿದರು. ಮಾನಿಟರು, ಮೌಸು, ಹೆಡ್‌ಫೋನುಗಳ ವೈರು ಮಾತ್ರ ಬೀರುವಿನ ತೂತಿನಿಂದ ಹೊರಬಂದವು. ವೈರು ಸಾಲದ ಕೀಬೋರ್ಡನ್ನು ಮಾನಿಟರಿನ ಬೆನ್ನಲ್ಲಿದ್ದ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಬೇಕಾಯಿತು. ಆವತ್ತಿನಿಂದ ಅವಳ ವರದಿಯ ಮೊದಲ ಒಂದೆರಡು ಪದ ಆಗಾಗ ಮಾಯ! ಮತ್ತೆ ಓದಿ ತಿದ್ದುತ್ತಿದ್ದಳು. ಒಂದು ಸಲ ಮಾತ್ರ ಕಣ್ತಪ್ಪಿತು. 'ಎಡ ಮೊಣಕಾಲು' ಬರೀ 'ಮೊಣಕಾಲು' ಆಗಿ ಹೋಗಿ, ಡಾಕ್ಟರು ಕೆಂಡಾಮಂಡಲವಾದರು.

"ಯಾವ ಮೊಣಕಾಲಮ್ಮ? ರೋಗಿಗೆ ಎರಡಿದೆ" ಎಂದರು ಮ್ಯಾನೇಜರು, ಎಲ್ಲರೆದುರು. "ವಯಸ್ಸಾಯ್ತು ನಿಮಗೆ. ಸೋಮವಾರದಿಂದ ಕೆಳಗಡೆ ಹೋಗಿ ಫೈಲಿಗೆ ಚೀಟಿ ಅಂಟ್ಸಿ. ಆರ್ಡರ್ ರೆಡಿ ಇದೆ."

"ಪೋರ್ಟು ಸರಿಯಿಲ್ಲ ಸಾರ್."

"ಕುಣಿಯೋಕೆ ಬಾರದವಳಿಗೆ ನೆಲ ಡೊಂಕಂತೆ."

ಅವಳಿಗೆ ಮೈಯೆಲ್ಲ ಉರಿಯಿತು. ಚೀಟಿ ಅಂಟಿಸುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಮಾಡದ ತಪ್ಪನ್ನು ತಲೆಮೇಲೆ ಹೊತ್ತು ಆ ಮೆಟ್ಟಿಲು ಇಳಿಯುವುದೇ? ಊಹೂಂ, ಸಾಧ್ಯವೇ ಇಲ್ಲ.

ಮನೆಯಲ್ಲಿ ದರ್ಜಿ ಗಂಡ ಪೂರ್ತಿ ಕೇಳಿಸಿಕೊಂಡ. "ದಾರ ಕಡಿದ್ರೆ ನಾನು ಮೊದ್ಲು ಸೂಜಿ ಬದಲಾಯಿಸ್ತೀನಿ, ಆಮೇಲೆ ದಾರ, ಆಮೇಲೆ ಬಾಬಿನ್ನು. ಒಂದೊಂದೇ ಕಣೇ. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ" ಎಂದ.

ಸರಿ, ಮಾರನೆಯ ದಿನ ಅದೇ ಕ್ರಮ. ಬೇರೆ ಕೀಬೋರ್ಡು ಹಾಕಿದಳು. ಬೇರೆ ಪೋರ್ಟಿಗೆ ಸಿಕ್ಕಿಸಿದಳು. ಬೀರುವಿನ ಬೀಗ ತೆಗೆಸಿ, ಮಾನಿಟರಿನಿಂದ ಡಬ್ಬಕ್ಕೆ ಹೋಗುವ ವೈರನ್ನು ಬದಲಿಸಿದಳು. ರಾಮಾಯಣ ಅದೇ. ಕೊನೆಗೆ ಪಕ್ಕದ ಸೀಟಿನ ಹುಡುಗಿಯ ಜೊತೆ ಜಾಗವನ್ನೇ ಬದಲಿಸಿದಳು. ಅಲ್ಲೂ ಮೊದಲ ಪದ ಮಾಯ! ಇತ್ತ ಆ ಹುಡುಗಿ ಇವಳ ಸೀಟಿನಲ್ಲಿ ಇಡೀ ಬೆಳಿಗ್ಗೆ ಆರಾಮಾಗಿ ಟೈಪ್ ಮಾಡಿದಳು.

"ನೋಡಿದ್ರಾ? ಕೆಟ್ಟಿರೋದು ಮಾನಿಟರ್ ಅಲ್ಲ, ನೀವೇ" ಎಂದರು ಮ್ಯಾನೇಜರು.

ಸುಳ್ಳೇಕೆ, ಅವಳಿಗೂ ಒಂದು ಕ್ಷಣ ತನ್ನ ಕೈಗಳ ಮೇಲೇ ಅನುಮಾನ ಬಂತು. ಆವತ್ತು ಶುಕ್ರವಾರ.

ಮಧ್ಯಾಹ್ನ ತನ್ನ ಸೀಟಿಗೆ ಮರಳಿ ಹೆಡ್‌ಫೋನ್ ಹಾಕಿಕೊಂಡರೆ, ಸಿಟ್ಟಿಗೆ ಕಣ್ಣೇ ಮುಚ್ಚಲೊಲ್ಲದು. ಕೇಳುತ್ತಾ ಕೀಬೋರ್ಡನ್ನೇ ದುರುಗುಟ್ಟಿ ನೋಡುತ್ತಾ ಕೂತಳು. ಐದು ನಿಮಿಷಕ್ಕೆ ಪರದೆ ಕಪ್ಪಾಯಿತು. ಅದರ ಜೊತೆಗೇ ಕೀಬೋರ್ಡಿನ ಹಸಿರು ದೀಪವೂ ಆರಿತು. ಅರೆ! ಮೌಸ್ ಅಲುಗಿಸಿದಳು. ಪರದೆ ಎದ್ದಿತು, ಹಸಿರು ದೀಪ ಹೊತ್ತಿದ್ದು ನಾಲ್ಕು ಸೆಕೆಂಡು ಬಿಟ್ಟು. ಪರದೆ ಮಲಗಿದರೆ ಪೋರ್ಟೂ ಮಲಗುತ್ತಿತ್ತು, ಏಳುವಾಗ ಮಾತ್ರ ಸೋಮಾರಿ; ಆ ನಾಲ್ಕು ಸೆಕೆಂಡಿನಲ್ಲಿ ಬಡಿದದ್ದೆಲ್ಲ ಮಾಯ. ಸಾಲುಸಾಲಿಗೆ ಬಡಿಯುವವರ ಪರದೆಗೆ ಮಲಗಲು ಪುರುಸೊತ್ತೇ ಇರಲಿಲ್ಲ.

ಮ್ಯಾನೇಜರನ್ನು ಕರೆತಂದು ತನ್ನ ಕುರ್ಚಿಯಲ್ಲೇ ಕೂರಿಸಿ ತೋರಿಸಿದಳು. ಪರದೆ ಎದ್ದ ಕೂಡಲೇ ಅವರು ಹೊಡೆದ ಮೊದಲ ಪದವೂ ಗುಳುಂ.

"ಇಷ್ಟೇನಾ! ನೀವೂ ಎಲ್ಲರ ಹಾಗೆ ಕೇಳ್ತಾ ಕೇಳ್ತಾ ಟೈಪ್ ಮಾಡಿ, ಮುಗೀತು."

"ಮಾಡಲ್ಲ."

"ಏನಂದ್ರಿ?"

"ಮಾಡಲ್ಲ ಅಂದೆ ಸಾರ್. ಮಲಗೋದು ಪೋರ್ಟು, ದಾರಿ ಬದಲಾಯಿಸ್ಬೇಕಾದ್ದು ನಾನಾ?" ಎನ್ನುತ್ತಲೇ ಮಾನಿಟರಿನ ಕೆಳಗಿನ ಗುಂಡಿ ಒತ್ತಿ ಮೆನು ತೆಗೆದಳು. ಪರದೆ ಮಲಗಿದಾಗಲೂ ಪೋರ್ಟಿಗೆ ಕರೆಂಟು ಕೊಡುವ ಸಾಲು ಅಲ್ಲೇ ಇತ್ತು. ಆನ್ ಮಾಡಿದಳು.

"ಅದನ್ನ ಮುಟ್ಟೋಕೆ ನಿಮಗೆ ಅನುಮತಿ ಇಲ್ಲ!"

"ಮೆಮೊ ಕೊಡಿ. ಉತ್ತರ ಟೈಪ್ ಮಾಡಿ ಕೊಡ್ತೀನಿ."

"ಹತ್ತು ನಿಮಿಷ ಸುಮ್ನೆ ಕೇಳ್ತಾ ಕೂರೋಕೆ ಯಾರಿಗಮ್ಮ ಟೈಮಿದೆ? ಆರ್ಡರ್ ವಾಪಸ್ ತಗೊಳ್ಳಲ್ಲ."

ಆಗ ಅವಳು ಹೆಡ್‌ಫೋನನ್ನು ಅವರ ತಲೆಗೇ ಸಿಕ್ಕಿಸಿದಳು. ಸಿಟ್ಟಿನಲ್ಲೂ ಅವಳು ಆ ರೆಕಾರ್ಡನ್ನು ತುದಿಯವರೆಗೆ ಕೇಳಿದ್ದಳು. ಬಲ ಭುಜ, ಮಂಗಳವಾರ ಆಪರೇಷನ್ ಎಂದು ಡಾಕ್ಟರ ಮಾತು ಶುರುವಾಯಿತು. ಒಂಬತ್ತನೆಯ ನಿಮಿಷಕ್ಕೆ "ಮುಗಿಯಿತು" ಎಂದರು ಡಾಕ್ಟರು. ಮ್ಯಾನೇಜರು ಹೆಡ್‌ಫೋನ್ ಕೀಳಲು ಕೈ ಎತ್ತಿದರು.

"ಇನ್ನೂ ಇದೆ. ಕೂತ್ಕೊಳ್ಳಿ."

ಅರ್ಧ ನಿಮಿಷ ಬರೀ ಕಾಗದದ ಸರಬರ. ಆಮೇಲೆ ಅದೇ ದನಿ: "ಛೆ, ಬಲ ಅಂದ್ಬಿಟ್ಟೆ. ಅದು ಎಡ ಭುಜ. ತಿದ್ದಿಕೊಳ್ಳಿ."

ಮ್ಯಾನೇಜರು ಮೆಲ್ಲಗೆ ಹೆಡ್‌ಫೋನ್ ತೆಗೆದು ಕೆಳಗಿಟ್ಟರು.

"ಮುಗಿಯಿತು ಅಂದ್ಮೇಲೆ ಇಲ್ಲಿ ಯಾರೂ ಕೇಳಲ್ಲ ಸಾರ್" ಎಂದಳು. "ನಾನು ಕೇಳ್ತೀನಿ."

ಅವರು ಜೇಬಿನಿಂದ ಆರ್ಡರು ತೆಗೆದು ಎರಡಾಗಿ ಹರಿದರು.

"ಅಷ್ಟು ಸಾಲದು. ನನ್ನನ್ನ ಬೈದಿದ್ದು ಎಲ್ಲರೆದುರು."

ಕೋಣೆಯಲ್ಲಿ ಹನ್ನೊಂದು ಜನ. ಎಲ್ಲರ ಬೆರಳೂ ನಿಂತಿತ್ತು. ಮ್ಯಾನೇಜರು ಅವರ ಕಡೆ ತಿರುಗಿದರು. "ತಪ್ಪು ನಂದು" ಎಂದರು, ಎಲ್ಲರಿಗೂ ಕೇಳುವಂತೆ.

"ಪೋರ್ಟಿಂದೂ ಸ್ವಲ್ಪ ಇದೆ ಬಿಡಿ" ಎಂದಳು ಖಟಖಟಮ್ಮ. "ಈಗ ಏಳಿ ಸಾರ್. ಅದು ನನ್ನ ಕುರ್ಚಿ."