ಬಾಯಿ ಮುಚ್ಚಿ ಓದುವ ಹೊತ್ತು

ಒದ್ದೆ ಪಾಟಿ-ಬಳಪದ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನಾನು ಕಂಪ್ಲಿಯ ಆ ಮನೆಯ ಪಡಸಾಲೆಗೆ ಹೋಗಿ ಕುಳಿತುಬಿಡುತ್ತೇನೆ. ಈಗ ಆ ಮನೆ ಇಲ್ಲ. ತೊಲೆಗಳನ್ನು ಕಿತ್ತು ಯಾರೋ ಆಲೆಮನೆಗೆ ಹೊತ್ತೊಯ್ದರು. ನಿಮಗೂ ಅಂಥದೊಂದು ಮನೆ ಕಳೆದುಹೋಗಿದ್ದರೆ, ಗೋಡೆಗಿಂತ ಮೊದಲು ಅದರೊಳಗಿನ ಸದ್ದು ನೆನಪಾಗುತ್ತದೆಂಬುದು ಗೊತ್ತಿದ್ದೀತು. ನಮ್ಮ ಪಡಸಾಲೆಯೇ ಚಿಕ್ಕಪ್ಪನ ಶಾಲೆ. ಮಗ್ಗಿ, ಪದ್ಯ, ಭೂಗೋಳ, ಎಲ್ಲವೂ ಒಕ್ಕೊರಲಲ್ಲಿ. ಸದ್ದು ಹೊಳೆಯ ದಂಡೆಗೆ ಕೇಳಿದರೇ ಶಾಲೆ ನಡೆದಿದೆ ಎಂದು ಓಣಿಯವರ ನಂಬಿಕೆ. ಅರ್ಥವಾಗುತ್ತಿತ್ತೇ ಎಂದು ಮಾತ್ರ ಕೇಳಬೇಡಿ. ಕಿರುಚುವುದಕ್ಕೂ ಓದುವುದಕ್ಕೂ ಸಂಬಂಧವಿದೆಯೆಂದು ನನಗೆ ಈವರೆಗೆ ಯಾರೂ ಸಾಧಿಸಿ ತೋರಿಸಿಲ್ಲ.

ಬಳ್ಳಾರಿಯಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ ಬಂದ ಚಿಕ್ಕಪ್ಪನಿಗೂ ಅದೇ ಅನುಮಾನ. ಒಂದು ಬೆಳಿಗ್ಗೆ ಟ್ರಂಕು ತೆರೆದು, ಕಥೆ ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿದ. "ಯಾರಿಗೆ ಯಾವುದು ಬೇಕೋ ತಗೊಳ್ರಿ. ಊಟದ ಹೊತ್ತಿನ ತನಕ ಬಾಯಿ ಮುಚ್ಕೊಂಡು ಓದ್ರಿ."

ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಇಣುಕಿದರು. "ಏನ್ರೀ ಮಾಸ್ತರ, ಹುಡುಗ್ರಿಗೆ ಅಫೀಮು ಹಾಕೀರೇನು?"

ನಾವು ನಕ್ಕು ಮತ್ತೆ ಪುಟಕ್ಕೆ ಮರಳುವಷ್ಟರಲ್ಲಿ ನಡುಮನೆಯ ಬಾಗಿಲಿಗೆ ಗಂಗತ್ತೆ ಬಂದು ನಿಂತಳು. ಚಿಕ್ಕಪ್ಪನ ಅಕ್ಕ, ಎಳೆವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಪಡಸಾಲೆಗೆ ಕಾಲಿಡುವಂತಿರಲಿಲ್ಲ, ಒಂದಕ್ಷರ ಗೊತ್ತಿರಲಿಲ್ಲ. ಒಳಗಿನ ಕಿಟಕಿಯಡಿ ಅಕ್ಕಿ ಹಸನು ಮಾಡುತ್ತಾ, ನಮ್ಮ ಗದ್ದಲದಿಂದಲೇ ಪಾಠಗಳನ್ನೆಲ್ಲ ಕಿವಿಯಲ್ಲಿ ಕಲಿತಿದ್ದಳು.

"ಯಾಕೋ, ಸಾಲಿ ಬಿಟ್ಟೀಯೇನು?"

"ಇಲ್ಲಕ್ಕ. ಮನಸಿನಾಗ ಓದಾಕತ್ಯಾರ."

"ಅವ್ರು ಮನಸಿನಾಗ ಓದಿದ್ರ ನನಗ ಹೆಂಗ ಕೇಳ್ಬೇಕು?"

ಚಿಕ್ಕಪ್ಪನ ಮುಖ ಇಳಿಯಿತು. ಅಂದು ಊಟಕ್ಕೆ ಕುಳಿತಾಗ, ಅಕ್ಕನಿಗೆ ಅಕ್ಷರ ಕಲಿಸುತ್ತೇನೆ ಎಂದ. ಅಜ್ಜಿ ಸೌಟು ಕುಕ್ಕಿದಳು. "ಅಕ್ಷರ ಕಲ್ತ ಹೆಣ್ಣಿನ ಗಂಡ ಉಳಿಯಂಗಿಲ್ಲ!"

"ಅಂವ ಯಾವಾಗೋ ಹೋಗ್ಯಾನಲ್ಲವ್ವ," ಎಂದಳು ಗಂಗತ್ತೆ. "ಇನ್ನ ಯಾರನ್ನ ಕೊಲ್ತದ ನಿನ್ನ ಅಕ್ಷರ?"

ಕಾಲೇಜಿನ ಚರ್ಚಾಕೂಟಗಳಲ್ಲಿ ಆಮೇಲೆ ಎಷ್ಟೋ ವಾದ ಕೇಳಿದ್ದೇನೆ. ಅಷ್ಟು ನೇರವಾದುದನ್ನು ಕೇಳಿಲ್ಲ. ಅಜ್ಜಿ ಅಳತೊಡಗಿದಳು. ಅವಳು ಅನ್ನ ಬಿಟ್ಟಳು, ಚಿಕ್ಕಪ್ಪ ಅಕ್ಷರದ ಮಾತು ಬಿಟ್ಟ. ಅತ್ತವರೇ ಗೆದ್ದರು.

ಮರುದಿನ ಚಿಕ್ಕಪ್ಪ ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದ: "ಮತ್ತ ಗಟ್ಟಿ ಓದಿಸ್ಲೇನಕ್ಕ?"

"ಬ್ಯಾಡ. ಹುಡುಗ್ರ ಎಂಜಲಾ ಇನ್ನ ಎಷ್ಟ ದಿನ ತಿನ್ಲಿ?"

ಅಂದಿನಿಂದ ಅವಳು ಮೊರ ಹಿಡಿದು ಹಿತ್ತಿಲಿಗೆ ಹೋಗಿ ಕೂರತೊಡಗಿದಳು. ಕೂಗಾಟವೇ ಇದ್ದಿದ್ದರೆ ಚೆನ್ನಿತ್ತು ಎನ್ನುವಿರಾದರೆ, ನಾನು ಒಪ್ಪಲಾರೆ. ನಾನು ಓದುಗನಾದದ್ದೇ ಆ ಹೊತ್ತಿನಲ್ಲಿ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖದ ಗಳಿಗೆ ಇನ್ನೊಂದಿಲ್ಲ. ಹಾಗಿದ್ದೂ ಆ ಸುಖವನ್ನು ನೆನೆದಾಗಲೆಲ್ಲ ಹಿತ್ತಿಲೂ ನೆನಪಾಗುತ್ತದೆ. ಇಡೀ ಮನೆ ನಿಶ್ಶಬ್ದ. ಪುಟ ಮಗುಚುವ ಸದ್ದಿನ ನಡುವೆ, ಹಿತ್ತಿಲಿನಿಂದ ಅಕ್ಕಿ ಕೇರುವ ಸದ್ದು. ಒಮ್ಮೊಮ್ಮೆ ಅದೂ ನಿಂತುಬಿಡುತ್ತಿತ್ತು.