ಸಂಕರ್ಷಣ ಮಾಸ್ತರರ ಗಾಲಿಮನೆ

ಇಂಡಿ ಊರಿನ ಸಂಕರ್ಷಣ ಮಾಸ್ತರರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತರಾದದ್ದು ಮಾಸ್ತರರು ಮಾತ್ರ. ಅವರ ಜೇಬಿನ ಅಳತೆ ಟೇಪಿಗೆ ಇನ್ನೂ ನಿವೃತ್ತಿ ಬಂದಿಲ್ಲ. ತಾಟಿಗೆ ಬಿದ್ದ ಭಕ್ಕರಿಯ ಅಡ್ಡಗಲ ಅಳೆಯದೆ ಅವರು ತುತ್ತು ಮುರಿಯುವುದಿಲ್ಲ. ಒಮ್ಮೆ ಕೊಡೆ ಕೊಳ್ಳಲು ಪೇಟೆಗೆ ಹೋದವರು, ಯಾವ ಕೊಡೆಯ ನೆರಳು ಎಷ್ಟು ಚದರಡಿ ಬೀಳುತ್ತದೆಂದು ನೋಡುತ್ತ ನಿಂತು, ಎರಡು ಮಳೆಗಾಲ ಕಳೆದ ಮೇಲೆ ಮನೆಗೆ ಬಂದರು. ನಮ್ಮ ಕಡೆ ಎರಡು ಮಳೆಗಾಲವೆಂದರೆ ಎಲ್ಲ ಸೇರಿ ಹದಿನೇಳು ಹನಿ, ಹಾಗಾಗಿ ಅವರು ನೆನೆಯಲಿಲ್ಲ. ಅವರ ಹೆಂಡತಿ ಗೌತಮಿಬಾಯಿ ಹೇಳುವ ಪ್ರಕಾರ, ಹೆಣ್ಣು ನೋಡಲು ಬಂದ ದಿನ ಮಾಸ್ತರರು ನೋಡಿದ್ದು ಪಡಸಾಲೆಯ ಎರಡು ಕಂಬಗಳ ನಡುವಿನ ಅಂತರವನ್ನು. ಪಕ್ಕದ ಮನೆ ನನ್ನದು. ನಮ್ಮಿಬ್ಬರ ನಡುವಿನ ಗೋಡೆ ಅವರ ಕಡೆಗೆ ಅರ್ಧ ಇಂಚು ವಾಲಿದೆ ಎಂಬುದು ನನಗೆ ಅವರಿಂದಲೇ ತಿಳಿದದ್ದು; ವಾರಕ್ಕೊಮ್ಮೆ ತಿಳಿಸುತ್ತಾರೆ.

ಇಂಥವರು ಗಾಲಿಯ ಮೇಲಿನ ಮನೆಯೊಂದನ್ನು ಹುಡುಕಿಕೊಂಡು ಹೊರಟದ್ದು ತಾಯಿ ರಂಗೂಬಾಯಿಯವರಿಗಾಗಿ.

ರಂಗೂಬಾಯಿಯವರಿಗೆ ಎಪ್ಪತ್ತೊಂಬತ್ತು. ಬಲು ಮಡಿಯವರು. ಬೆಳಿಗ್ಗೆ ಮಿಂದು, ಯಾರ ಕೈಯೂ ಎಟುಕದ ಹಗ್ಗದ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟರೆಂದರೆ, ಅಡಿಗೆಯಾಗಿ ದೇವರಿಗೆ ನೈವೇದ್ಯವಾಗುವ ತನಕ ಯಾರೂ ಅವರನ್ನು ಸೋಕುವಂತಿಲ್ಲ. ಸೋಕಿದರೆ ಮತ್ತೆ ಸ್ನಾನ, ಮತ್ತೆ ಬೇರೆ ಸೀರೆ. ಮದುವೆಯಾಗಿ ಬಂದ ಅರವತ್ತೊಂದು ವರ್ಷದಲ್ಲಿ ತಾವು ಬೇಯಿಸಿದ್ದನ್ನು ಬಿಟ್ಟು ಬೇರೆ ಅನ್ನ ಉಂಡವರಲ್ಲ. ಬಸವನ ಬಾಗೇವಾಡಿಗೆ ಬೀಗರ ಮದುವೆಗೆ ಹೋದಾಗ ಎರಡು ದಿನ ಬರೀ ಬಾಳೆಹಣ್ಣಿನ ಮೇಲಿದ್ದರು. ಆಮೇಲೆ ಒಂದು ವಾರ ಬಾಗೇವಾಡಿಯಲ್ಲಿ ಬಾಳೆಹಣ್ಣು ಸಿಗಲಿಲ್ಲ ಎನ್ನುವವರಿದ್ದಾರೆ. ನಾನು ಉತ್ಪ್ರೇಕ್ಷೆ ಮಾಡುವವನಲ್ಲ. ಆರು ದಿನ ಸಿಗಲಿಲ್ಲ.

ಹೀಗಾಗಿ ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರುವಷ್ಟು ದೂರವೇ ಅವರ ಪಾಲಿನ ಜಗತ್ತು. ಅವರು ಕಂಡ ದೊಡ್ಡ ನೀರೆಂದರೆ ಭೀಮಾ ಹೊಳೆ. ಸಮುದ್ರದಲ್ಲಿ ಒಮ್ಮೆ ಮೀಯಬೇಕೆಂಬುದು ಹೊಸ ಸೊಸೆಯಾಗಿದ್ದಾಗಿನ ಆಸೆ. ಕಳೆದ ದೀಪಾವಳಿಯ ಹೊತ್ತಿಗೆ ಮೊಣಕಾಲು ತೋರಿಸಲು ಹೋದಾಗ ಡಾಕ್ಟರು, ಎಲ್ಲಿಗಾದರೂ ಹೋಗುವುದಿದ್ದರೆ ಈ ಚಳಿಗಾಲದಲ್ಲೇ ಹೋಗಿಬನ್ನಿ, ಮುಂದಿನ ವರ್ಷ ಈ ಕಾಲು ಹೊಸ್ತಿಲು ದಾಟಿಸಿದರೆ ಹೆಚ್ಚು ಎಂದರು. ಮನೆಗೆ ಬಂದ ರಂಗೂಬಾಯಿ ಮಗನನ್ನು ಕರೆದರು.

"ಸಂಕರ್ಷಣಾ, ಈ ಚಳಿಯೊಳಗ ನಾ ಸಮುದ್ರ ನೋಡಬೇಕು. ಆದರ ನನ್ನ ಅಡಗಿ ನಾನ ಮಾಡ್ಕೋಬೇಕು. ಹೆಂಗ ಅಂತ ನೀ ನೋಡು, ಗಣಿತ ಓದೀದಿ."

ದಾರಿ ತೋರಿಸಿದವಳು ಮಾಸ್ತರರ ಮಗಳು ಶುಭಾ. ಸಿಂದಗಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮನೆಯ ಹಳೆ ಜೀಪನ್ನು ಓಡಿಸುವವಳೂ ಅವಳೇ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆಗಳನ್ನು ಮೊಬೈಲಿನಲ್ಲಿ ತೋರಿಸಿದಳು: ಒಳಗೆ ಹಾಸಿಗೆ, ಒಲೆ, ಕಪಾಟು, ಕೆಳಗೆ ಎರಡು ಗಾಲಿ. ಟ್ರೇಲರ್ ಎಂದರೆ ಕಬ್ಬು ಹೇರುವುದು ಎಂದಷ್ಟೇ ತಿಳಿದಿದ್ದ ಮಾಸ್ತರರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಗಾಗುವುದರೊಳಗೆ ಇನ್ನೂರು ಪುಟದ ವಹಿಯೊಂದು ಅಳತೆಗಳಿಂದ ತುಂಬಿತು.

ಮುದ್ದೇಬಿಹಾಳದಲ್ಲಿ ಬೋರ್‌ವೆಲ್ ಗುತ್ತಿಗೆದಾರರೊಬ್ಬರ ಅಂಗಳದಲ್ಲಿ ಒಂದು ದೊಡ್ಡ ಗಾಲಿಮನೆ ನಿಂತಿತ್ತು. ಹದಿನಾರು ಅಡಿ ಉದ್ದ, ಏಳು ಅಡಿ ಅಗಲ. ನಾಲ್ವರು ಮಲಗುವ ಹಾಸಿಗೆ, ಫ್ರಿಜ್ಜು, ಒಲೆ, ಒಳಗೇ ಒಂದು ಸಂಡಾಸ. ಮಾಸ್ತರರು ಅದರೊಳಗೆ ಟೇಪು ಹಿಡಿದು ಹೋದವರು ಮೂರು ತಾಸು ಹೊರಗೆ ಬರಲಿಲ್ಲ. ಕೊನೆಗೆ ಮಾಲಕರು ಅವರನ್ನು ಊಟಕ್ಕೆ ಕರೆಯುವ ನೆಪದಲ್ಲಿ ಹೊರಗೆ ತಂದರು. ಮನಸ್ಸು ಅದರಲ್ಲೇ ಬಿದ್ದಿತ್ತು. ಆದರೂ ಎರಡು ನೋಡದೆ ಒಂದನ್ನು ಆರಿಸುವುದು ಗಣಿತವಲ್ಲವೆಂದು ಮರುದಿನ ಸಿಂದಗಿಗೆ ಹೋದರು. ಜೊತೆಗೆ ನನ್ನನ್ನೂ ಕರೆದೊಯ್ದರು, ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಲ್ಲ.

ಸಿಂದಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ನಬಿಲಾಲ, ನಮ್ಮ ಮಾಸ್ತರರ ಹಳೆಯ ಶಿಷ್ಯ. ಗಣಿತದಲ್ಲಿ ಏಳು ಅಂಕ ಪಡೆದವನು; ಆ ಏಳನ್ನು ಹೇಗೆ ಕೊಟ್ಟೆನೆಂದು ಮಾಸ್ತರರು ಇಂದಿಗೂ ಮರುಗುತ್ತಾರೆ. ಅವನು ಅಳತೆಯನ್ನೆಲ್ಲ ಕಣ್ಣಿನಲ್ಲೇ ಮಾಡುತ್ತಾನೆ, ಕೂದಲೆಳೆಯಷ್ಟೂ ತಪ್ಪುವುದಿಲ್ಲ, ಇದು ಮಾಸ್ತರರಿಗೆ ಇನ್ನೊಂದು ಸಂಕಟ. ತನ್ನ ಮನೆಮಂದಿ ತಿರುಗಾಡಲೆಂದು ಅವನು ಒಂದು ಸಣ್ಣ ಗಾಲಿಮನೆ ಕಟ್ಟಿದ್ದ. ಹೆಂಡತಿ, ನಾನು ಡಬ್ಬಿಯೊಳಗೆ ಮಲಗುವವಳಲ್ಲ ಎಂದದ್ದರಿಂದ ಅದು ಹೊಸದಾಗಿಯೇ ಉಳಿದಿತ್ತು. ಎಂಟಡಿ ಉದ್ದ. ಒಳಗೆ ಬರೀ ಹಾಸಿಗೆ, ಬಾಗಿಲು ಪಕ್ಕಕ್ಕೆ. ಬೆನ್ನ ಕಡೆ ಒಂದು ದೊಡ್ಡ ಮುಚ್ಚಳ. ಎತ್ತಿದರೆ ಅದರಡಿ ಒಲೆ, ಕಟ್ಟೆ, ಡಬ್ಬಿ ಇಡುವ ಗೂಡುಗಳು. ಅಡಿಗೆ ಮಾಡುವವರು ಹೊರಗೆ ನೆಲದ ಮೇಲೆ ನಿಂತೇ ಮಾಡಬೇಕು.

"ಇದು ಮನೀನೋ ಕೋಳಿಗೂಡೋ?" ಎಂದು ಮಾಸ್ತರರು ಕೇಳಿದರು.

"ಇಬ್ಬರು ಒಳಗ ಮಲಗ್ತಾರ್ರಿ ಸರ್. ಉಳದಾವರು ಹೊರಗ."

"ಹೊರಗಂದ್ರ?"

"ಹೊರಗ ಜಾಗಾ ಭಾಳ ಐತ್ರಿ. ಅದನ್ನ ನಾ ಕಟ್ಟೂದು ಬ್ಯಾಡ."

ಏಳು ಅಂಕದವನ ಮಾತೆಂದು ಮಾಸ್ತರರು ವಹಿ ಮುಚ್ಚಿದರು. ಶುಭಾ ಮಾತ್ರ, ಕಾಲೇಜಿನಿಂದ ಬಂದವಳು, ಅದರ ನಾಲ್ಕು ಫೋಟೋ ತೆಗೆದುಕೊಂಡಳು.

ಆದರೆ ಮುದ್ದೇಬಿಹಾಳದ ಮನೆಯನ್ನು ತರುವ ಮುಂಚೆ ಪರೀಕ್ಷೆ ಆಗಬೇಡವೇ? ಮಾಸ್ತರರ ಬಳಿ ಸಾಲೆಯಿಂದ ಉಳಿದುಬಂದ ಖಡುವಿನ, ಅಂದರೆ ಸೀಮೆಸುಣ್ಣದ, ಪೆಟ್ಟಿಗೆಯಿತ್ತು. ಶನಿವಾರ ಮುಂಜಾನೆ ಫರಸಿ ಕಲ್ಲು ಹಾಸಿದ ಅಂಗಳದಲ್ಲಿ ಆ ಗಾಲಿಮನೆಯನ್ನು ಇದ್ದ ಅಳತೆಯಲ್ಲೇ ಬಿಳಿ ಗೆರೆಗಳಲ್ಲಿ ಬರೆದರು. ಹಾಸಿಗೆ ಇಲ್ಲಿ, ಫ್ರಿಜ್ಜು ಅಲ್ಲಿ, ಬಾಗಿಲು ಇಷ್ಟು. ನಾಲ್ವರೂ ಎರಡು ದಿನ ಆ ಚಿತ್ರದೊಳಗೇ ಸಂಸಾರ ಮಾಡಬೇಕು, ಆಗ ಯಾವುದು ಸಾಲದು, ಯಾವುದು ಹೆಚ್ಚು ಎಂಬುದು ಗೊತ್ತಾಗುತ್ತದೆ ಎಂದು ಅಪ್ಪಣೆಯಾಯಿತು. ಗೌತಮಿಬಾಯಿ ಗೆರೆಯ ಹಾಸಿಗೆಯ ಮೇಲೆ ಕೂತು ಕಾಯಿಪಲ್ಯ ಹೆಚ್ಚಿದರು. ಶುಭಾ ಇಲ್ಲದ ಕಿಟಕಿಯಿಂದ ಹೊರಗೆ ನೋಡಿದಳು. ನೋಡಲು ನಿಂತ ಜನ ಎಷ್ಟೆಂದರೆ, ಲಚ್ಯಾಣದಿಂದ ಬಂದ ಬಸ್ಸು ಸ್ಟ್ಯಾಂಡಿನ ಬದಲು ಇಲ್ಲಿಯೇ ಖಾಲಿಯಾಯಿತು. ನಾನು ಮಾತಾಡಿಸಲು ಹೋಗಿ ಗೆರೆ ದಾಟಿದ್ದಕ್ಕೆ, ಗೋಡೆ ಒಡೆದು ಬಂದಿರಿ ಎಂದು ಮಾಸ್ತರರು ಬೈದು, ಹೊರಗೆ ಕಳಿಸಿ, ಮತ್ತೆ ಬಾಗಿಲಿನಿಂದ ಬರಮಾಡಿಕೊಂಡರು.

ಅಷ್ಟರಲ್ಲಿ ರಂಗೂಬಾಯಿ ಮಡಿಯುಟ್ಟು ಕೈಯಲ್ಲಿ ಹಿತ್ತಾಳೆಯ ಪಾತ್ರೆ ಹಿಡಿದು ಬಂದರು. ಗೆರೆಯ ಬಾಗಿಲಿನಿಂದಲೇ ಒಳಗೆ ಬಂದು, ಒಲೆಯ ಗುರುತಿನ ಮುಂದೆ ನಿಂತು, ಮಗ್ಗುಲಿನ ಚೌಕವನ್ನು ನೋಡಿದರು. ಇದೇನು ಎಂದು ಕೇಳಿದರು. ಮಾಸ್ತರರು ಹೆಮ್ಮೆಯಿಂದ, ಅದು ಸಂಡಾಸ, ನೀನು ಕತ್ತಲಲ್ಲಿ ದೂರ ಹೋಗುವುದೇ ಬೇಡ ಎಂದರು.

ಗುಬ್ಬಿಗಳು ಸುಮ್ಮನಾದವು. ಹೂವಿನ ಹಿಪ್ಪರಗಿಯ ಗಿರಣಿ ಕೂಡ ಒಂದು ಕ್ಷಣ ನಿಂತಿತೆಂದು ಆಮೇಲೆ ತಿಳಿಯಿತು.

"ಒಲಿಗೂ ಇದಕ್ಕೂ ಎಷ್ಟು ಅಂತರ ಅದನೋ?"

"ಎರಡೂವರಿ ಫೂಟವ್ವಾ. ನಡುವ ಪ್ಲೈವುಡ್ ಅದ."

"ನಿಮ್ಮ ಅಜ್ಜ ಅದನ್ನ ಕಟ್ಟಿಸಿದ್ದು ಹಿತ್ತಲದ ಆ ತುದಿಗೆ. ನಿಮ್ಮಪ್ಪ ಅಲ್ಲೇ ಇಟ್ಟರು. ನೀ ಎಂ.ಎಸ್ಸಿ ಮಾಡಿ ಒಲಿ ಮಗ್ಗಲಿಗೆ ತಂದಿ." ಪಾತ್ರೆಯನ್ನು ಎದೆಗವಚಿಕೊಂಡರು. "ಸಮುದ್ರ ಅಲ್ಲೇ ಇರ್ಲಿ ಬಿಡು. ನಾ ಇಲ್ಲೇ ಇರ್ತೇನಿ."

ತಿರುಗಿ ಹೊರಟರು. ಬಾಗಿಲಿನಿಂದಲ್ಲ, ನೇರ ಗೋಡೆಯೊಳಗಿಂದ. ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು?

ಮಾಸ್ತರರು ಸಂಡಾಸವನ್ನು ಒದ್ದೆ ಅರಿವೆಯಿಂದ ಒರೆಸಿ ಹಾಕಿದರು, ತಾಯಿಯ ಕಾಲು ಹಿಡಿದು ಭಾನುವಾರಕ್ಕೆ ಇನ್ನೊಮ್ಮೆ ಒಪ್ಪಿಸಿದರು. ಆದರೆ ಗಣಿತದವರು ಲೆಕ್ಕಕ್ಕೆ ಹಿಡಿಯದೇ ಬಿಟ್ಟದ್ದು ಮಡಿಯನ್ನೇ. ಒಳಗೆ ನಡೆದಾಡಲು ಇದ್ದದ್ದು ಎರಡಡಿಯ ಓಣಿ, ಅದರ ಬಾಯಿಗೇ ಒಲೆ, ಒಲೆಯ ಮುಂದೆ ಯಾರೂ ಮುಟ್ಟಬಾರದ ರಂಗೂಬಾಯಿ. ಅವರ ಅಡಿಗೆ ಮುಗಿಯುವ ತನಕ ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ಶುಭಾ ಹಾಸಿಗೆಯ ಮೂಲೆಯಲ್ಲಿ ಎರಡು ತಾಸು ಬಂದಿಯಾದಳು. ಗೌತಮಿಬಾಯಿಯ ಸೆರಗು ಒಮ್ಮೆ ಸೋಕಿತು. ಕನ್ನಡಕ ತರಲು ಹೋಗಿ ಮಾಸ್ತರರ ಮೊಣಕೈ ಎರಡು ಸಲ ಸೋಕಿತು. ಮಧ್ಯಾಹ್ನದೊಳಗೆ ರಂಗೂಬಾಯಿ ಮೂರು ಸಲ ಮರುಸ್ನಾನ ಮಾಡಿದರು, ಆಲಮಟ್ಟಿಯ ನೀರು ಎರಡು ಬೆರಳು ಇಳಿಯಿತು.

"ನಾವು ಸಮುದ್ರಕ್ಕ ಹೋಗೂದು ಬ್ಯಾಡ್ರಿ, ಅದನ್ನ ಇಲ್ಲಿಗೆ ಕರಸ್ರಿ," ಎಂದರು ಗೌತಮಿಬಾಯಿ. "ಅತ್ಯಾರ ಸ್ನಾನಕ್ಕ ಅದು ಬೇಕಾಗ್ತದ."

ಅಂದಿನಿಂದ ನಾಲ್ಕು ದಿನ ಮಾಸ್ತರರು ಭಕ್ಕರಿ ಅಳೆಯಲಿಲ್ಲ. ನಮ್ಮ ನಡುವಿನ ಗೋಡೆಯ ಸುದ್ದಿಯನ್ನೂ ಎತ್ತಲಿಲ್ಲ. ನನಗೆ ಹೆದರಿಕೆಯಾಯಿತು. ಚಳಿಗಾಲ ಸರಿಯುತ್ತಿತ್ತು, ರಂಗೂಬಾಯಿ ಮೆಟ್ಟಿಲು ಇಳಿಯುವಾಗ ಕಂಬ ಹಿಡಿದು ನಿಲ್ಲುವುದು ದಿನಕ್ಕೆ ಒಂದು ಸಲ ಹೆಚ್ಚಾಗುತ್ತಿತ್ತು. ಮಾಸ್ತರರು ಅದನ್ನು ಎಣಿಸುತ್ತಿದ್ದರೆಂದು ನನಗೆ ಗೊತ್ತು.

ಐದನೆಯ ದಿನ ರಂಗೂಬಾಯಿ ಊಟ ಮುಗಿಸಿ ಮೊಮ್ಮಗಳ ಮೊಬೈಲು ನೋಡುತ್ತ ಕೂತಿದ್ದರು. ಒಂದು ಫೋಟೋ ಬಂದದ್ದೇ, ಇರು ಇರು ಎಂದು ಶುಭಾಳ ಕೈ ಹಿಡಿದರು. ನಬಿಲಾಲನ ಕೋಳಿಗೂಡು, ಮುಚ್ಚಳ ಎತ್ತಿದ್ದು.

"ಇದರ ಒಲಿ ಹೊರಗ ಅದನ?"

"ಹೌದಜ್ಜಿ. ಬೆನ್ನಿಗೆ."

"ಮಲಗವರು?"

"ಅವರ ಬಾಗಿಲ ಬ್ಯಾರೆ. ಈ ಕಡೆ ಬರೂದಿಲ್ಲ."

"ಅದು?"

"ಅದು ಇಲ್ಲ. ಹಿತ್ತಲದ ತುದಿ ಎಲ್ಲಿ ಸಿಗ್ತದ ಅಲ್ಲಿ."

ರಂಗೂಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ನಾಳೆ ಸಿಂದಗಿಗೆ ಹೋಗುವುದಿದೆ ಎಂದು ಮಗನಿಗೆ ಹೇಳಿಕಳಿಸಿದರು.

ಸಿಂದಗಿಯಲ್ಲಿ ಅವರು ಆ ಗಾಲಿಮನೆಯ ಸುತ್ತ ಮೂರು ಸುತ್ತು ಬಂದರು, ಗುಡಿಗೆ ಬಂದಂತೆ. ಶುಭಾಳನ್ನು ಪಕ್ಕದ ಬಾಗಿಲಿನಿಂದ ಹತ್ತಿಸಿ ಇಳಿಸಿ ನೋಡಿದರು. ಒಲೆಯ ಮುಂದೆ ನಿಂತು ಎರಡೂ ಕೈ ಅಗಲಿಸಿ ಸುತ್ತ ತಿರುಗಿದರು. ಏನೂ ತಾಗಲಿಲ್ಲ, ಯಾರೂ ತಾಗಲಿಲ್ಲ. ಆಮೇಲೆ ಮಗನ ಕಡೆ ನೋಡಿ, ಬಾಗಿಲಿನಿಂದ ಒಲೆಗೆ ಎಷ್ಟು ಎಂದು ಕೇಳಿದರು. ಮಾಸ್ತರರು ಟೇಪು ಬಿಚ್ಚುವುದರೊಳಗೆ ನಬಿಲಾಲ ಏಳು ಫೂಟು ಎಂದ. ಬಿಚ್ಚಿ ನೋಡಿದರೆ ಏಳೇ.

"ನೀವು ಕೊಟ್ಟದ್ದ ಏಳು ನೋಡ್ರಿ ಸರ್," ಎಂದು ನಕ್ಕ.

ಮಡಿ ಸೀರೆ ಒಣಗಿಸಲು ಮುಚ್ಚಳದ ಮೇಲೆ ಎತ್ತರದ ಕೋಲು ನಿಲ್ಲಿಸುವ ಕೊಳವೆ ಬೇಕು, ಪ್ಲಾಸ್ಟಿಕ್ ಟಾಕಿಯ ನೀರು ಆಗದು, ತಾಮ್ರದ ಕೊಡ ಕೂರಲು ಬಳೆ ಬೇಕು ಎಂದು ರಂಗೂಬಾಯಿ ಹೇಳಿದರು. ಊಟದ ಹೊತ್ತಿಗೆ ನಬಿಲಾಲ ಎರಡನ್ನೂ ಬೆಸುಗೆ ಹಾಕಿದ. ಕೊನೆಗೆ ಕೈ ತೊಳೆದು, ದೂರ ನಿಂತು ಹೇಳಿದ:

"ಆಯಿ, ಈ ಒಲಿಗೆ ಇನ್ನಾ ಯಾರೂ ಕಡ್ಡಿ ಗೀರಿಲ್ರಿ. ಮೊದಲ ಹಾಲು ನೀವ ಉಕ್ಕಿಸ್ರಿ."

ಹಾಲು ಉಕ್ಕಿತು. ಸಕ್ಕರೆ ಹಾಕಿ ಮೊದಲ ಲೋಟವನ್ನು ಕಟ್ಟೆಯ ತುದಿಗಿಟ್ಟು, "ತಗೋ, ಕಟ್ಟಿದಾಂವ ನೀ," ಎಂದರು ರಂಗೂಬಾಯಿ. ಆ ಮನೆ ಇವರಿಗೇ ಎಂಬುದು ಎಲ್ಲರಿಗೂ ತಿಳಿದದ್ದು ಹಾಗೆ. ಮಾಸ್ತರರನ್ನು ಯಾರೂ ಕೇಳಲಿಲ್ಲ.

ಸಂಕ್ರಾಂತಿಯ ಮರುದಿನ ಹೊರಟರು. ಜೀಪಿನ ವೇಗ ಎಷ್ಟಿತ್ತೆಂದರೆ, ಹಿಂದಿನಿಂದ ಬಂದ ಎತ್ತಿನ ಚಕ್ಕಡಿಯೊಂದು ಬೇಸತ್ತು ದಾರಿ ಕೇಳಿ ಮುಂದೆ ಹೋಯಿತು. ಒಳಗಿನ ಹಾಸಿಗೆ ಅಜ್ಜಿಗೂ ಮೊಮ್ಮಗಳಿಗೂ. ಹದಿನಾರಡಿಯ ಕನಸು ಕಂಡಿದ್ದ ಮಾಸ್ತರರು ಹೆಂಡತಿಯೊಂದಿಗೆ ಹೊರಗೆ ತಾಡಪತ್ರಿಯ ಚಪ್ಪರದ ಕೆಳಗೆ ಮಲಗಿದರು. ಹೊರಗೆ ಜಾಗ ಬಹಳವಿದೆ ಎಂದ ನಬಿಲಾಲನ ಮಾತು ಸರಿಯೆಂದು ವಹಿಯಲ್ಲಿ ಬರೆದುಕೊಂಡರಂತೆ. ಮುಂದಿನದು ಗೌತಮಿಬಾಯಿ ಹೇಳಿದ್ದು, ಶುಭಾಳ ಮೊಬೈಲಿನಲ್ಲಿ ನಾನು ಕಂಡದ್ದು.

ಸಮುದ್ರ ತಲುಪಿದ ದಿನ ರಂಗೂಬಾಯಿ ಮೊಮ್ಮಗಳ ಹೆಗಲು ಹಿಡಿದು ತೆರೆಯ ಅಂಚಿಗೆ ಬಂದು ಬಹಳ ಹೊತ್ತು ನಿಂತರು. ನೂರಾರು ಜನ ನೀರಿನಲ್ಲಿ ಕುಣಿಯುತ್ತಿದ್ದರು. "ಇಷ್ಟು ಮಂದಿ ಮುಟ್ಟಿದರೂ ಇದಕ್ಕ ಮೈಲಿಗಿ ಇಲ್ಲ ನೋಡು," ಎಂದು ಹೇಳಿ ಮೂರು ಮುಳುಗು ಹಾಕಿದರು. ಮಡಿಯುಟ್ಟು ಬಂದು, ಹಿಂದಿನ ಮುಚ್ಚಳ ಎತ್ತಿಸಿ, ತಾಮ್ರದ ಕೊಡದ ಸಿಹಿನೀರಿನಲ್ಲಿ ಅನ್ನ, ತೊವ್ವೆ ಮಾಡಿ, ಇಂಡಿಯ ಲಿಂಬಿ ಹಿಂಡಿ ಇಂಗಿನ ಒಗ್ಗರಣೆ ಕೊಟ್ಟು, ನೈವೇದ್ಯ ತೋರಿಸಿದರು.

ಇಂಗಿನ ವಾಸನೆ ದಂಡೆಯುದ್ದಕ್ಕೂ ಹೋಯಿತು. ಮುಚ್ಚಳ ಎತ್ತಿದ ಗಾಡಿ, ಹೊಗೆಯಾಡುವ ಪಾತ್ರೆ, ಹಿಂದೆ ಸೌಟು ಹಿಡಿದ ಅಜ್ಜಿ. ನೋಡಿದವರು ಏನೆಂದುಕೊಳ್ಳಬೇಕು? ಗಂಡಹೆಂಡತಿಯ ಒಂದು ಜೋಡಿ ಬಂದು, ಊಟ ಇದೆಯೇ ಎಂದು ಕೇಳಿತು. ಅವರ ಬೆನ್ನಿಗೆ ಆರು ಜನ, ಆರರ ಬೆನ್ನಿಗೆ ಒಂದು ಬಸ್ಸು. ಗೌತಮಿಬಾಯಿ, ಮುಗೀತು, ಇನ್ನು ಅತ್ತೆ ಮುಚ್ಚಳ ಹಾಕಿ ಊರಿಗೆ ಹೊರಡಿ ಎನ್ನುತ್ತಾರೆ ಎಂದುಕೊಂಡರು. ಆದರೆ ಬೇರೆಯವರು ಮಾಡಿದ್ದನ್ನು ಉಣ್ಣದಿರುವುದು ರಂಗೂಬಾಯಿಯವರ ನೇಮ. ತಾವು ಮಾಡಿದ್ದನ್ನು ಬೇರೆಯವರು ಉಣ್ಣಬಾರದೆಂದು ಎಲ್ಲಿದೆ?

"ಅದ. ಬರ್ರಿ. ಅಲ್ಲೇ ನಿಂದ್ರ್ರಿ, ಮುಟ್ಟಬ್ಯಾಡ್ರಿ," ಎಂದರು. "ಸಂಕರ್ಷಣಾ, ಇವರಿಗೊಂದು ಗೆರಿ ಹಾಕು."

ಮಾಸ್ತರರು ಟೇಪು ಬಿಚ್ಚಿದರು. ಒಲೆಯಿಂದ ಸರಿಯಾಗಿ ನಾಲ್ಕಡಿ ಬಿಟ್ಟು ಕೋಲಿನಿಂದ ಮರಳಿನಲ್ಲಿ ಗೆರೆ ಎಳೆದರು. ಜನ ಸಾಲಾಗಿ ಗೆರೆಯಾಚೆ ನಿಂತು ಕೈನೀಡಿ ಎಲೆ ಹಿಡಿದರು. ಎರಡು ದಿನಕ್ಕೆಂದು ಹೋದವರು ಒಂಬತ್ತು ದಿನ ಉಳಿದರು. ಒಯ್ದಿದ್ದ ಅಕ್ಕಿ ಮೂರನೇ ದಿನಕ್ಕೇ ಖರ್ಚಾಗಿ, ಉಳಿದ ದಿನ ಉಂಡವರೇ ಅಕ್ಕಿ ತಂದುಕೊಟ್ಟರಂತೆ.

ಶುಭಾ ತೆಗೆದ ಕೊನೆಯ ವಿಡಿಯೋದಲ್ಲಿ ಉಬ್ಬರ ಏರಿದೆ. ತೆರೆಯೊಂದು ಬಂದು ಗೆರೆಯನ್ನು ಒರೆಸಿಕೊಂಡು ಹೋಗುತ್ತದೆ. ಮಾಸ್ತರರು ಧೋತರ ಎತ್ತಿಕಟ್ಟಿ, ಟೇಪು ಹಿಡಿದು, ನಾಲ್ಕಡಿ ಅಳೆದು ಮತ್ತೆ ಎಳೆಯುತ್ತಾರೆ. ಇನ್ನೊಂದು ತೆರೆ ಬರುತ್ತದೆ. ಹಿಂದಿನಿಂದ ರಂಗೂಬಾಯಿಯ ದನಿ: "ಸಾವಕಾಶ ಎಳಿಯೋ, ತೊವ್ವಿ ಇನ್ನಾ ಅದ."