ಸೋಮವಾರದ ಫಲಾರ, ವಾರಗಿತ್ತಿಯ ಶುಗರು

ನನಗಾಗ ಅರವತ್ತೇಳು. ಈ ಮಾತಿಗೆ ನಾಲ್ಕು ವರ್ಷ ಆಯ್ತು. ನನಗೂ ಶುಗರು, ನನ್ನ ವಾರಗಿತ್ತಿಗೂ ಶುಗರು. ನಾನು ತುಮಕೂರಿನ ಉಪ್ಪಾರಹಳ್ಳಿಲಿ, ಅವಳು ಗುಬ್ಬಿಲಿ. ಮೈದುನನ ಹೆಂಡ್ತಿ, ನನಗಿಂತ ಚಿಕ್ಕೋಳು. ಇಬ್ರಿಗೂ ಒಬ್ಬಳೇ ಡಾಕ್ಟರಮ್ಮ, ಮಂಗಳವಾರ ಮಾತ್ರ ಸಿಗೋಳು. ವಾರಗಿತ್ತಿಯ ಖಾಲಿ ಹೊಟ್ಟೆ ಶುಗರು ಪ್ರತಿ ಸಲ ಇಳೀತಿತ್ತು. ನನ್ನದು ಇದ್ದ ಜಾಗ ಬಿಟ್ಟು ಅಲ್ಲಾಡ್ತಿರಲಿಲ್ಲ. ಮದುವೆಯಾಗಿ ಬಂದಾಗಿಂದ ಅವಳ ಕೈರುಚಿ ಹೊಗಳ್ತಿದ್ದ ಜನ ಈಗ ಅವಳ ರಕ್ತಾನೂ ಹೊಗಳೋಕೆ ಶುರು ಮಾಡಿದ್ರು.

ಹೋದ ಸಲ ಡಾಕ್ಟರಮ್ಮ ನನಗೆ, "ಅಜ್ಜಿ, ಮುಂದಿನ ಸಲಾನೂ ಹಿಂಗೇ ಇದ್ರೆ ಇನ್ಸುಲಿನ್ ಸೂಜಿ ಶುರು ಮಾಡಣ" ಅಂದಿದ್ಲು. ನಮ್ಮತ್ತೆಗೆ ಕೊನೇ ಕಾಲದಲ್ಲಿ ದಿನಾ ಸೂಜಿ ಚುಚ್ಚಿದೋಳು ನಾನೇ. ಹೊಟ್ಟೆ ಚರ್ಮ ಹಿಡಿದಾಗ ಅವರ ಮುಖ ಹೆಂಗಾಗ್ತಿತ್ತು ಅಂತ ನೋಡಿದೀನಿ. ನನಗೆ ಅದು ಬೇಡ. ವಾರಗಿತ್ತಿಗೆ ಮಾತ್ರೆ ಕಮ್ಮಿಯಾಗಿ ನನಗೆ ಸೂಜಿ ಬಂತು ಅಂತ ನೆಂಟರ ಬಾಯಿಗೆ ಬೀಳೋದಂತೂ ಇನ್ನೂ ಬೇಡ.

ಟೆಸ್ಟಿಗೆ ಎರಡು ದಿನ ಮುಂಚೆ ಕುಣಿಗಲ್‌ನಲ್ಲಿ ನಾದಿನಿ ಮನೆ ಗೃಹಪ್ರವೇಶ. ಹೋಳಿಗೆ ಬಡಿಸೋಕೆ ಬಂದ್ರೆ ವಾರಗಿತ್ತಿ ಎಲೆಗೆ ಕೈ ಅಡ್ಡ ಹಿಡಿದು, "ಬ್ಯಾಡ, ಕೋಸಂಬರಿ ಇನ್ನೊಂಚೂರು ಹಾಕಿ" ಅಂದ್ಲು. ನಾದಿನಿ ನನ್ನ ಕಡೆ ತಿರುಗಿದಳು.

"ನೋಡತ್ತಿಗೆ, ಮೈ ಹೆಂಗೆ ಇಳಿಸವ್ಳೆ! ಹುಡುಗಿ ಆದಂಗೆ ಆಗವ್ಳೆ."

"ಹಂಗಾದ್ರೆ ಒಂದು ಗಂಡು ನೋಡು ಅವಳಿಗೆ" ಅಂದೆ.

ಪಂಕ್ತಿಯೆಲ್ಲಾ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕೋಳು ವಾರಗಿತ್ತಿನೇ. ಅದು ನನಗೆ ಇನ್ನೂ ಉರೀತು.

ಸೋಮವಾರ ಇಬ್ರೂ ಒಂದೇ ಬಸ್ಸಲ್ಲಿ ನಮ್ಮನೆಗೆ ಬಂದ್ವಿ. ಮಾರನೇ ದಿನ ಟೆಸ್ಟು ಅಂತ ಅವಳು ನಮ್ಮಲ್ಲೇ ಉಳ್ಕೊಂಡ್ಲು. ಅರ್ಧ ದಾರಿ, ಹೆಬ್ಬೂರು ದಾಟೋವರೆಗೂ, ನಾನು ಕಿಟಕಿ ಕಡೆಗೇ ಮುಖ ಮಾಡ್ಕೊಂಡು ಕೂತಿದ್ದೆ.

ಸೋಮವಾರ ನಂದು ಒಪ್ಪೊತ್ತು. ಮಧ್ಯಾಹ್ನ ಒಂದು ಊಟ, ರಾತ್ರಿ ಮುದ್ದೆ ಅನ್ನ ಮುಟ್ಟಲ್ಲ. ಶಿವಪೂಜೆ ಮುಗಿಸಿ ಫಲಾರ ಅಷ್ಟೇ. ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ, ಬಾಳೆಹಣ್ಣು, ಒಂದು ದೊಡ್ಡ ಲೋಟ ಹಾಲು. ಅದನ್ನ ಊಟ ಅಂತ ನಮ್ಮನೇಲಿ ಯಾರೂ ಯಾವತ್ತೂ ಅಂದಿದ್ದಿಲ್ಲ.

"ಫಲಾರ ಜೋರಾಗೈತೆ ಕಣಕ್ಕ" ಅಂದ್ಲು ಅವಳು.

"ದೇವರದ್ದಕ್ಕೆ ಕಣ್ಣು ಹಾಕಬ್ಯಾಡ ಕಣೇ."

ಅವಳು ನಿಂಬೆಹಣ್ಣಿನಷ್ಟು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು ತಿಂದು ಬೀದೀಲಿ ಆ ಕಡೆಯಿಂದ ಈ ಕಡೆಗೆ ನಡೆಯೋಕೆ ಹೋದ್ಲು. ಎದುರು ಮನೆಯೋಳು ಗೇಟಿಗೆ ಬಂದು, "ಯಾರಜ್ಜಿ ಅದು, ನಿಮ್ಮ ಸೊಸೇನಾ?" ಅಂತ ಕೇಳಿದ್ಲು. ನಾನು ದಢಾರನೆ ಬಾಗಿಲು ಹಾಕ್ಕೊಂಡೆ.

ಮಂಗಳವಾರ ರಿಪೋರ್ಟ್ ಬಂತು. ಅವಳದ್ದು ಇನ್ನೂ ಇಳಿದಿತ್ತು. ನಂದು ಏರಿತ್ತು.

"ನಿನ್ನೆ ರಾತ್ರಿ ಏನು ತಿಂದ್ರಿ ಅಜ್ಜಿ?"

"ಏನೂ ಇಲ್ಲ ಕಣಮ್ಮ. ಸೋಮವಾರ ರಾತ್ರಿ ನಾನು ಉಣ್ಣಲ್ಲ."

ಹಿಂದಿನಿಂದ ವಾರಗಿತ್ತಿ, "ಫಲಾರದ್ದು ಹೇಳಕ್ಕ" ಅಂದ್ಲು. ನಾನು ಕಣ್ಣು ಬಿಟ್ಟು ಹೆದರಿಸಿದೆ. ಅವಳೇ ಎಲ್ಲ ಒಪ್ಪಿಸಿಬಿಟ್ಲು, ಬೆಲ್ಲದಿಂದ ಹಿಡಿದು ಹಾಲಿನವರೆಗೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಲು. "ಇದು ಒಂದು ಮುದ್ದೆ ಊಟಕ್ಕಿಂತ ಜಾಸ್ತಿ ಆಯ್ತಲ್ಲ ಅಜ್ಜಿ! ಸೋಮವಾರ ರಾತ್ರಿ ಇದನ್ನ ತಿಂದು ಮಂಗಳವಾರ ಬಂದು ರಕ್ತ ಕೊಡ್ತೀರಾ. ಬೆಲ್ಲ ಶಿವನಿಗೆ ಇಡಿ, ನೀವು ಹೆಸರುಕಾಳು ಬೇಯಿಸ್ಕೊಂಡು ತಿನ್ನಿ." ಮಿಕ್ಕ ದಿನದ ಊಟಾನೂ ಕೇಳಿದ್ಲು. ಮುದ್ದೆ ಅರ್ಧ ಮಾಡಿ, ಉಂಡ ಮೇಲೆ ಕೂರಬೇಡಿ, ದಿನಾ ನಡೀರಿ, ಮಾತ್ರೆ ಮಾತ್ರ ಬಿಡಬೇಡಿ ಅಂದ್ಲು. "ಒಂದು ತಿಂಗಳು ನೋಡ್ತೀನಿ. ಇಳೀಲಿಲ್ಲ ಅಂದ್ರೆ ಸೂಜಿನೇ."

ಆಸ್ಪತ್ರೆಯಿಂದ ಆಚೆ ಬಂದು ಇಬ್ರೂ ಆಟೋಲಿ ಕೂತ್ವಿ. ಸೂಜಿ ಒಂದು ತಿಂಗಳು ಮುಂದಕ್ಕೆ ಹೋಗಿದ್ದು ಅವಳು ಬಾಯಿ ಬಿಟ್ಟಿದ್ದಕ್ಕೆ. ಅವಳಿಂದ ನನಗೆ ಒಳ್ಳೇದಾಯ್ತು ಅನ್ನೋದನ್ನ ಸಹಿಸೋಕೆ ಆಗಲಿಲ್ಲ. ಬರೀ ಚಾಡಿ ಆಗಿದ್ರೆ ಬೈಯಾದ್ರೂ ಬೈಬಹುದಿತ್ತು.

"ನಾಳೆ ಬೆಳಗ್ಗೆ ನಿನ್ನ ವಾಕಿಂಗಿಗೆ ಕರ್ಕೊಂಡೋಗಿ, ಅಭ್ಯಾಸ ಮಾಡ್ಸಿ, ಆಮೇಲೆ ಗುಬ್ಬಿ ಬಸ್ ಹತ್ತೀನಿ ಬುಡಕ್ಕ" ಅಂದ್ಲು.

"ನಡೆಯೋದು ಕಲಿಸೋಕೆ ನಾನೇನು ಕೂಸೇನೇ?"

"ಕೂಸಾಗಿದ್ರೆ ಹೇಳಿದ ಮಾತು ಕೇಳ್ತಿತ್ತು."

ಆಟೋದವನು ನಕ್ಕ. ನನಗೆ ಆಗ್ಲೇ ಗೊತ್ತಾಯ್ತು. ಶುಗರು ಇಳಿದ್ರೆ, ಅಕ್ಕನ್ನ ನಾನೇ ಕೈ ಹಿಡಿದು ನಡೆಸಿದೆ ಅಂತ ಇವಳು ಗುಬ್ಬಿಯಿಂದ ಕುಣಿಗಲ್‌ವರೆಗೂ ಸಾರ್ತಾಳೆ. ಇಳೀಬೇಕು, ಆದ್ರೆ ಇವಳ ಹೆಸರಲ್ಲಿ ಇಳೀಬಾರದು.

ಮಾರನೇ ದಿನ ಬೆಳಕು ಹರಿಯೋ ಹೊತ್ತಿಗೆ ಅವಳಿನ್ನೂ ಗೊರಕೆ ಹೊಡೀತಿದ್ಲು. ಬಾಗಿಲ ಹತ್ರ ಅವಳ ವಾಕಿಂಗ್ ಶೂ ಇತ್ತು. ಅದನ್ನ ಹಾಕ್ಕೊಂಡು, ಚಿಲಕ ಸದ್ದಾಗದಂಗೆ ತೆಗೆದು, ಒಬ್ಬಳೇ ನಡೆಯೋಕೆ ಹೋದೆ.